ದೂಮಕ್ಕ ಯಾಕೆ ಅಲ್ಲಿಗೆ ಹೋದರು?

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮದೊಂದು ಝೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಶಟರ್ ಅರ್ಧ ಎಳೆದು, ಒಳಗಿನ ಬೈಂಡಿಂಗ್ ಮೇಜಿನಲ್ಲಿ ನಾವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ದಾಳ ಉರುಳಿಸಲು ಎ4 ಕಾಗದದ ಪೆಟ್ಟಿಗೆಯ ಮುಚ್ಚಳ. ಮಳೆಗಾಲವಾದರೆ ಜೊತೆಗೆ ಗೋಳಿಬಜೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವ ಕಡೆ 20 ಮುಖದ ದಾಳ ಉರುಳುತ್ತದೆ. ನಮ್ಮಲ್ಲಿ ಕಥೆ ನಡೆಸುವುದು ದೊಡ್ಡಮ್ಮನ ಮಗಳು. ನನಗೆ ಅಕ್ಕ, ಆಟದಲ್ಲಿ ಎಲ್ಲರಿಗೂ 'ಭಾಗವತ್ರು', ಯಕ್ಷಗಾನದಲ್ಲಿ ಹಾಡಿ ಕಥೆ ನಡೆಸುವವರ ಹಾಗೆ.

ಮೊದಲು ನಾವು ಐದು ಜನ ಇದ್ದೆವು. ಕಳೆದ ವರ್ಷ ಇಬ್ಬರಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಉಳಿದದ್ದು ಅಕ್ಕ, ಕೋಟ ಕಡೆಯ ಒಬ್ಬ ಗೆಳೆಯ, ಮತ್ತೆ ನಾನು. ಇಬ್ಬರೇ ಗುಹೆಗೆ ಇಳಿದರೆ ಮೊದಲ ಹೊಡೆದಾಟಕ್ಕೇ ಕಥೆ ಮುಗಿಯುತ್ತದೆ. ಹಾಗಾಗಿ ನಾವಿಬ್ಬರೂ ಎರಡೆರಡು ಪಾತ್ರ ತಗೊಂಡೆವು. ನನ್ನ ಪಾಲಿಗೆ ದೂಮಕ್ಕ ಮತ್ತು ಸೀನ. ದೂಮಕ್ಕ ಗಾಯ ವಾಸಿ ಮಾಡುವ ಮುದುಕಿ, ಎಲ್ಲರನ್ನೂ 'ದಾನೆ ಮಗಾ' ಅಂತ ತುಳುವಿನಲ್ಲಿ ಮಾತಾಡಿಸುವವರು. ಸೀನ ಕುಂದಾಪುರ ಕಡೆಯ ಕಳ್ಳ. ಬಾಯಿ ತೆರೆದರೆ 'ಹ್ವಾಯ್'.

ಇಬ್ಬರನ್ನು ಬೇರೆ ಬೇರೆಯಾಗಿ ಕಾಣಿಸುವುದು ನನಗೆ ಕಷ್ಟ ಆಗಲಿಲ್ಲ. ಅದನ್ನು ಚಿಕ್ಕಂದಿನಲ್ಲೇ ನೋಡಿದ್ದೆ. ಬಯಲಾಟಕ್ಕೆ ಅಜ್ಜ ಕರೆದುಕೊಂಡು ಹೋಗುತ್ತಿದ್ದರು. ಒಬ್ಬನೇ ಹಾಸ್ಯಗಾರ ಒಂದು ರಾತ್ರಿಯಲ್ಲಿ ದೂತನಾಗಿ ಬಂದ, ಆಮೇಲೆ ಬ್ರಾಹ್ಮಣನಾಗಿ, ಬೆಳಗಿನ ಜಾವ ಮುದುಕಿಯಾಗಿ. ನಡಿಗೆ ನೋಡಿದರೆ ಸಾಕು, ಯಾರು ಅಂತ ಗೊತ್ತಾಗುತ್ತಿತ್ತು. ನಾನೂ ದೂಮಕ್ಕನ ಮಾತಿಗೆ ಎರಡೂ ಕೈ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಸೀನನ ಮಾತಿಗೆ ಮೊಣಕೈ ಮೇಜಿನ ಮೇಲೆ. ಅಷ್ಟೇ.

ಕಷ್ಟ ಬಂದದ್ದು ಬೇರೆ ಕಡೆ.

ಈ ಆಟದಲ್ಲಿ ಕಳ್ಳನಿಗೆ ಒಂದು ನಿಯಮ ಇದೆ. ಅವನು ಹೊಡೆಯುವ ಶತ್ರುವಿನಿಂದ 5 ಅಡಿ ಒಳಗೆ ನಮ್ಮವರು ಯಾರಾದರೂ ಇದ್ದರೆ ಅವನ ಏಟಿಗೆ ಬಲ ಜಾಸ್ತಿ. ಮೂರನೇ ಹಂತದ ಕಳ್ಳನಾದರೆ ಆರು ಮುಖದ ಎರಡು ದಾಳ ಹೆಚ್ಚಿಗೆ ಉರುಳಿಸಬಹುದು. ಒಂದು ಭಾನುವಾರ ಸೇತುವೆ ಮೇಲೆ ರಕ್ಕಸನೊಬ್ಬ ಅಡ್ಡ ನಿಂತ. ನಾನು ದೂಮಕ್ಕನನ್ನು ನಡೆಸಿಕೊಂಡು ಹೋಗಿ ಅವನ ಮಗ್ಗುಲಲ್ಲೇ ನಿಲ್ಲಿಸಿದೆ. ಸೀನ ಹಿಂದಿನಿಂದ ಹೊಡೆದ. ರಕ್ಕಸ ಬೀಳಲಿಲ್ಲ. ಅವನ ದೊಣ್ಣೆ ತಿರುಗಿತು, ದೂಮಕ್ಕ ಪ್ರಜ್ಞೆ ತಪ್ಪಿದರು.

ಅಕ್ಕ ಆಟ ನಿಲ್ಲಿಸಿದಳು. "ದೂಮಕ್ಕ ಯಾಕೆ ಅಲ್ಲಿಗೆ ಹೋದರು?" ಅಂತ ಕೇಳಿದಳು.

ಸೀನನಿಗೆ ಲಾಭ ಅಂತ ಹೇಳಿದೆ.

"ಅದು ನಿನ್ನ ಲೆಕ್ಕ. ಅವರಿಗೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೂರ ನಿಂತು ಗಾಯ ವಾಸಿ ಮಾಡಬೇಕಾದ ಮುದುಕಿ, ಒಂದು ಮಾತೂ ಆಡದೆ ದೊಣ್ಣೆಯ ಕೆಳಗೆ ಹೋಗಿ ನಿಂತಿದ್ದರು. ಹಿಂದಿನ ವಾರಗಳನ್ನು ನೆನೆದರೆ ಎಲ್ಲ ಹಾಗೆಯೇ ಇತ್ತು. ಬಾಗಿಲು ತೆರೆಯುವುದು ಸೀನ, ಯೋಜನೆ ಸೀನನದು, ನಗಿಸುವುದು ಸೀನ. ದೂಮಕ್ಕ ಅವನ ಔಷಧದ ಡಬ್ಬಿ ಆಗಿದ್ದರು. ಆ ರಾತ್ರಿ ನನಗೆ ನಿಜವಾಗಿ ಬೇಜಾರಾಯಿತು.

ಮುಂದಿನ ವಾರ ದೂಮಕ್ಕ ಎದ್ದರು. ಇಬ್ಬರ ನಡುವೆ ಮಾತಾಗಲೇಬೇಕಿತ್ತು. ನಾನೇ ಕೇಳಿ, ನಾನೇ ಉತ್ತರ ಕೊಡಲು ಹೊರಟೆ. ಎರಡು ವಾಕ್ಯಕ್ಕೆ ಸಪ್ಪೆಯಾಯಿತು. ನನಗೆ ಬೇಕಾದ ಪ್ರಶ್ನೆಯನ್ನೇ ಕೇಳುತ್ತಿದ್ದೆ, ಅಲ್ವಾ? ವೇಷವಿಲ್ಲದೆ ಕೂತು ಪಾತ್ರಗಳ ಮಾತಾಡುವ ತಾಳಮದ್ದಳೆಯಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ಕೇಳುವಾಗ ಆ ಕಡೆ ಇನ್ನೊಬ್ಬ ಅರ್ಥಧಾರಿ ಕೂತಿರುತ್ತಾರೆ. ಅವರು ಏನು ಹೇಳುತ್ತಾರೆ ಅಂತ ವಾಲಿಯ ಅರ್ಥ ಹೇಳುವವರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಆ ವಾದಕ್ಕೆ ಜೀವ.

ಅಕ್ಕ ಸೀನನ ಪಾತ್ರದ ವಿವರ ಬರೆದ ಹಾಳೆಯನ್ನು ನನ್ನ ಮುಂದಿನಿಂದ ಎತ್ತಿ ಗೆಳೆಯನ ಮುಂದೆ ಇಟ್ಟಳು. "ಈ ಒಂದು ಸಂದರ್ಭಕ್ಕೆ ಸೀನ ನೀನು" ಅಂದಳು.

ದೂಮಕ್ಕ ಕೇಳಿದರು: "ನನ್ನನ್ನು ಅವನೆದುರು ಯಾಕೆ ನಿಲ್ಲಿಸಿದೆ ಮಗಾ?"

ಗೆಳೆಯ ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಮೆಲ್ಲಗೆ, "ಹ್ವಾಯ್ ದೂಮಕ್ಕ, ನೀವ್ ಎದ್ರಿಗ್ ಇದ್ರೆ ನಂಗೆ ಧೈರ್ಯ ಬತ್ತ್" ಅಂದ.

ಸೀನ ಹೆದರುಪುಕ್ಕಲ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಎಂಟು ತಿಂಗಳಿಂದ ಅವನನ್ನು ಆಡಿಸುತ್ತಿದ್ದವಳು ನಾನು!

1987ರಲ್ಲಿ ಬಂದ ಆರ್ಸ್ ಮ್ಯಾಜಿಕಾ ಅನ್ನುವ ಆಟದಲ್ಲಿ ಈ ಕ್ರಮ ಮೊದಲೇ ಇದೆ ಅಂತ ಆಮೇಲೆ ಅಕ್ಕ ತೋರಿಸಿದಳು. ಒಬ್ಬೊಬ್ಬ ಆಟಗಾರನಿಗೂ ಒಬ್ಬ ಮಾಂತ್ರಿಕ, ಒಬ್ಬ ಸಂಗಾತಿ. ಕಾವಲಿನ ಆಳುಗಳು ಮಾತ್ರ ಎಲ್ಲರಿಗೂ ಸೇರಿದವರು, ಯಾರು ಬೇಕಾದರೂ ಆಡಿಸಬಹುದು. ಅವರು ಅದನ್ನು ಟ್ರೂಪ್ ಅನ್ನುತ್ತಾರೆ. ನಮ್ಮ ಮಾತಲ್ಲಿ ಹೇಳಿದರೆ ಮೇಳ.

ಈಗ ನಮ್ಮಲ್ಲಿಯೂ ಹಾಗೆ. ನನ್ನ ಇಬ್ಬರು ಒಬ್ಬರಿಗೊಬ್ಬರು ಮಾತಾಡಬೇಕಾದರೆ ಒಂದು ಹಾಳೆ ಮೇಜಿನ ಆಚೆ ಹೋಗುತ್ತದೆ. ಹೊಡೆದಾಟದಲ್ಲಿ ಮೊದಲು ದೂಮಕ್ಕನ ಸರದಿ ಯೋಚಿಸುತ್ತೇನೆ, ಅವರಿಗೆ ಏನು ಬೇಕು ಅಂತ. ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಮೊನ್ನೆ ಪ್ರಾಜೆಕ್ಟ್ ಬೈಂಡಿಂಗಿಗೆ ಬಂದ ಸುಳ್ಯದ ಹುಡುಗನೊಬ್ಬ ಮೇಜಿನ ಮೇಲಿದ್ದ ದಾಳ ನೋಡಿ, "ಅಕ್ಕಾ, ನಾನೂ ಬರಬಹುದಾ?" ಅಂತ ಕೇಳಿದ. ಸೀನನನ್ನು ಅವನಿಗೆ ಕೊಡುವುದು ಅಂತ ತೀರ್ಮಾನ ಮಾಡಿದ್ದೇನೆ. ಹಾಳೆಯ ಹೊಸ ಪ್ರತಿ ತೆಗೆದೆ. ಕೆಳಗಡೆ ನಾನೇ ಪೆನ್ನಿನಲ್ಲಿ ಒಂದು ಸಾಲು ಬರೆದೆ: ದೂಮಕ್ಕ ಜೊತೆಗಿದ್ದರೆ ಇವನಿಗೆ ಧೈರ್ಯ.