ಅಷ್ಟು ದೊಡ್ಡ ಕಚೇರಿಯವರಿಗೆ ನಿಮ್ಮ ಫೋಟೋಗೆ ಕೊಡಲು ಹಣವಿಲ್ಲವೇ?

ಚಿಕ್ಕಮಗಳೂರಿನಲ್ಲಿ ಕ್ಯಾಮೆರಾ ಹಿಡಿದು ಬದುಕುವ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತ ನೆಂಟರು ಕೇಳುತ್ತಾರೆ. ಈಗಷ್ಟೇ ಕೆಲಸ ಶುರು ಮಾಡಿ ಹಾಸನದಿಂದ, ಸಕಲೇಶಪುರದಿಂದ ಫೋನ್ ಮಾಡುವ ಹುಡುಗ ಹುಡುಗಿಯರು ಕೇಳುತ್ತಾರೆ. ಸಾಲದ ಅರ್ಜಿ ನೋಡುತ್ತಿದ್ದ ಬ್ಯಾಂಕಿನ ಅಧಿಕಾರಿಯೂ ಕೇಳಿದ್ದಾರೆ. "ಬೆಂಗಳೂರಿನಲ್ಲಿ ಅರಮನೆಯಂಥ ಕಚೇರಿ ಇಟ್ಟುಕೊಂಡವರು ನಿಮ್ಮ ಹತ್ತು ಚಿತ್ರಗಳಿಗೆ ದುಡ್ಡಿಲ್ಲ ಎನ್ನುತ್ತಾರೆಂದರೆ ನಂಬುವುದು ಹೇಗೆ?" ಕೆಲವರ ದನಿಯಲ್ಲಿ ಮರುಕ ಇರುತ್ತದೆ. ಇನ್ನು ಕೆಲವರ ದನಿಯಲ್ಲಿ, ನಾನೇ ಏನೋ ಮುಚ್ಚಿಡುತ್ತಿದ್ದೇನೆ ಎಂಬ ಅನುಮಾನ.

ಅವರಲ್ಲಿ ಹಣ ಇದೆ. ಅದನ್ನು ನನಗೆ ಕೊಡಲೇಬೇಕಾದ ಒತ್ತಡ ಅವರ ಮೇಲಿಲ್ಲ. ನನ್ನ ಉತ್ತರ ಇಷ್ಟೇ, ಆದರೆ ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ.

ಒಂದು ಕಂಪನಿ ಕಚೇರಿ ಮಾಡುವಾಗ ಏನೇನು ನಡೆಯುತ್ತದೆ ನೋಡಿ. ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇರಿಸಿಕೊಳ್ಳದೆ ಕಟ್ಟಡದ ಮಾಲೀಕರು ಬೀಗದ ಕೈ ಕೊಡುವುದಿಲ್ಲ. ಕರಾರುಪತ್ರ ಛಾಪಾ ಕಾಗದದ ಮೇಲೆ ಆಗುತ್ತದೆ. ಬಾಡಿಗೆ ಯಾವಾಗ, ಎಷ್ಟು ಏರಬೇಕು ಎಂಬುದೂ ಅದರಲ್ಲಿರುತ್ತದೆ. ಒಳಾಂಗಣ ವಿನ್ಯಾಸದವರು ಕೆಲಸವನ್ನು ಹಂತಹಂತವಾಗಿ ಒಡೆದು ಬಿಲ್ ಮಾಡುತ್ತಾರೆ, ಒಂದು ಹಂತದ ಹಣ ನಿಂತರೆ ಬಡಗಿ ಮರುದಿನ ಬರುವುದಿಲ್ಲ. ವಿದ್ಯುತ್ ಬಿಲ್ ಕಟ್ಟದಿದ್ದರೆ ದೀಪ ಆರುತ್ತದೆ. ನೌಕರರ ಸಂಬಳ ತಡೆದರೆ ದೂರು ಕೇಳಲು ಕಾರ್ಮಿಕ ಇಲಾಖೆ ಇದೆ. ಇವರೆಲ್ಲರ ಕೈಯಲ್ಲೂ ಕಂಪನಿಯ ಜುಟ್ಟಿದೆ. ಹೊರಗಿನಿಂದ ಚಿತ್ರ, ಲೇಖನ, ರೇಖಾಚಿತ್ರ, ಧ್ವನಿ ಕೊಡುವ ನಮ್ಮ ಕೈಯಲ್ಲಿ ಏನೂ ಇಲ್ಲ. ಫೈಲ್ ಕಳುಹಿಸಿದ ಕ್ಷಣಕ್ಕೆ ನಮ್ಮ ಕೆಲಸ ಅವರ ಕೈಸೇರಿರುತ್ತದೆ, ನಮ್ಮ ಬಿಲ್ ಮಾತ್ರ ಯಾರದೋ ಇಮೇಲ್ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ತಿಂಗಳ ಕೊನೆಯಲ್ಲಿ ಯಾರಿಗೆ ಕೊಡಬೇಕು, ಯಾರನ್ನು ಮುಂದಕ್ಕೆ ತಳ್ಳಬಹುದು ಎಂದು ಪಟ್ಟಿ ಮಾಡುವಾಗ ನಾವು ಎಲ್ಲಿರುತ್ತೇವೆ ಎಂದು ಬೇರೆ ಹೇಳಬೇಕಿಲ್ಲ. ಹಾಗಾಗಿ ಕಚೇರಿಯ ವೈಭವ ನೋಡಿ "ಇವರು ಚೆನ್ನಾಗಿ ಕೊಡುತ್ತಾರೆ" ಎಂದು ಎಣಿಸಬೇಡಿ. ಇಲ್ಲಿಯವರೆಗೆ ಯಾರು ಯಾರಿಗೆ ಕೊಟ್ಟಿದ್ದಾರೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಪ್ರವಾಸ ಏರ್ಪಡಿಸುವ ಒಂದು ಕಂಪನಿಯವರು ನಮ್ಮ ಗಿರಿಶ್ರೇಣಿಯ ಚಿತ್ರಗಳು ಬೇಕೆಂದು ನನ್ನನ್ನು ಕರೆಸಿದ್ದರು. ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಕುದುರೆಮುಖದ ಶೋಲಾ ಕಾಡು, ಹೀಗೆ ಉದ್ದ ಪಟ್ಟಿ. ಅವರ ಸ್ವಾಗತ ಕೊಠಡಿಯ ಒಂದು ಗೋಡೆಯ ತುಂಬ ಬಾಬಾಬುಡನ್‌ಗಿರಿ ಸಾಲಿನ ಚಿತ್ರವಿತ್ತು. ಮಳೆ ಬಿಟ್ಟ ಬೆಳಗಿನಲ್ಲಿ ಕಣಿವೆಯಿಂದ ಮೋಡ ಏಳುವ ಹೊತ್ತಿನದು. ಅದನ್ನು ತೆಗೆದವರು ಮೂಡಿಗೆರೆ ಕಡೆಯ ನನ್ನ ಸ್ನೇಹಿತರೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ಮುದ್ರಿಸಿದ ಕಾಗದ ಹೊರದೇಶದ್ದು, ಅದರ ಮೇಲೆ ಬೀಳುವ ದೀಪಗಳಿಗೇ ಬೇರೆ ಗುತ್ತಿಗೆದಾರರು ಎಂದು ಅಲ್ಲಿನ ಸಿಬ್ಬಂದಿ ಹೆಮ್ಮೆಯಿಂದ ವಿವರಿಸಿದರು. ಊರಿಗೆ ಬಂದು ಸ್ನೇಹಿತರನ್ನು ಕೇಳಿದೆ. ಮುದ್ರಕರಿಗೆ, ದೀಪದವರಿಗೆ, ಚೌಕಟ್ಟಿನವರಿಗೆ ಹಣ ಹೋಗಿತ್ತು. ಚಿತ್ರ ತೆಗೆದವರಿಗೆ ಸಿಕ್ಕಿದ್ದು ಫೇಸ್‌ಬುಕ್ಕಿನಲ್ಲಿ ಒಂದು ಧನ್ಯವಾದ. ನನಗೂ ಅವರು "ಚಿತ್ರಗಳಿಗೆ ಈ ವರ್ಷ ಬಜೆಟ್ ಇಟ್ಟಿಲ್ಲ" ಎಂದೇ ಹೇಳಿದ್ದರು. ನಾನು ಒಪ್ಪಲಿಲ್ಲ. ಆ ಗೋಡೆಯನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಕಚೇರಿ ಚೆನ್ನಾಗಿರುವುದರ ಬಗ್ಗೆ ನನಗೆ ತಕರಾರಿಲ್ಲ. ದಿನವಿಡೀ ಕುಳಿತು ಕೆಲಸ ಮಾಡುವವರಿಗೆ ಒಳ್ಳೆಯ ಕುರ್ಚಿ, ಗಾಳಿ ಬೆಳಕು, ಶುಚಿಯಾದ ಶೌಚಾಲಯ ಬೇಕು. ನನ್ನ ಬಿಲ್ಲನ್ನು ಮೇಲಿನವರ ಮುಂದೆ ಮತ್ತೆ ಮತ್ತೆ ಇಟ್ಟು ಬೈಸಿಕೊಂಡ ಕಿರಿಯ ನೌಕರರನ್ನು ನಾನು ಬಲ್ಲೆ, ಅವರ ಮೇಲೆ ನನಗೆ ಗೌರವವಿದೆ. ನನ್ನ ಸಿಟ್ಟು ಕ್ರಮದ ಬಗ್ಗೆ. ನಮ್ಮ ಸೀಮೆಯ ತೋಟಗಳಲ್ಲಿ ಬಟವಾಡೆ ಎಂದರೆ ಮುಂದೂಡಲಾಗದ ದಿನ. ಎಲ್ಲ ತೋಟಗಳೂ ನ್ಯಾಯವಾಗಿ ನಡೆದಿವೆ ಎಂದು ನಾನು ಹೇಳುತ್ತಿಲ್ಲ. ಆದರೆ ಕಾಫಿಯ ಬೆಲೆ ಕುಸಿದ ವರ್ಷದಲ್ಲೂ ಕೈಸಾಲ ಮಾಡಿ, ಹಣ್ಣು ಕುಯ್ದವರಿಗೆ ವಾರದ ಕೂಲಿ ಎಣಿಸಿಕೊಟ್ಟ ಸಣ್ಣ ಬೆಳೆಗಾರರು ನನಗೆ ಗೊತ್ತು. ಅವರ ಮನೆಯ ಗೋಡೆಗಳು ಸುಣ್ಣ ಕಾಣದೆ ವರ್ಷಗಳಾಗಿದ್ದವು. ಕೂಲಿ ಮೊದಲು, ಗೋಡೆ ಆಮೇಲೆ ಎಂಬ ಈ ಲೆಕ್ಕ ಅವರಿಗೆ ಯಾರೂ ಕಲಿಸಿದ್ದಲ್ಲ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು, ಆ ಕಚೇರಿಯೊಳಗೆ ಕಾಲಿಟ್ಟ ಮೇಲೆ ನಮಗೆ ಏನಾಗುತ್ತದೆ ಎಂಬುದು. ನಮ್ಮ ಜಿಲ್ಲೆಯ ಮದುವೆ ಛಾಯಾಗ್ರಾಹಕರನ್ನು ನೋಡಿ. ದಿನ ಗೊತ್ತು ಮಾಡಿಕೊಳ್ಳಲು ಮುಂಗಡ, ಧಾರೆಯ ದಿನ ಇನ್ನೊಂದು ಪಾಲು, ಆಲ್ಬಂ ಕೈಗಿಡುವಾಗ ಬಾಕಿ. ಸೋದರಮಾವನ ಮಗಳ ಮದುವೆಯಾದರೂ ಈ ಕ್ರಮ ತಪ್ಪದು, ಅದಕ್ಕಾಗಿ ಯಾರೂ ಮುನಿಸಿಕೊಳ್ಳುವುದೂ ಇಲ್ಲ. ಅದೇ ಛಾಯಾಗ್ರಾಹಕರು ಗಾಜಿನ ಬಾಗಿಲು ದಾಟಿ, ಮೆತ್ತನೆಯ ಸೋಫಾದಲ್ಲಿ ಕುಳಿತು, ಯಂತ್ರ ಸುರಿದುಕೊಟ್ಟ ಕಾಫಿ ಕುಡಿದರೆ ಮುಂಗಡದ ಮಾತೇ ಬಾಯಿಗೆ ಬರುವುದಿಲ್ಲ. ಇಷ್ಟು ದೊಡ್ಡವರ ಮುಂದೆ ಸಾವಿರದ ಲೆಕ್ಕ ಎತ್ತುವುದು ಸಣ್ಣತನ ಎನಿಸಿಬಿಡುತ್ತದೆ. ಅಕ್ಕಪಕ್ಕದ ಮನೆಯವರ ಬಳಿ ಗಟ್ಟಿಯಾಗಿ ಕೇಳುವವರು ಅಲ್ಲಿ ಚಿತ್ರಗಳನ್ನೆಲ್ಲ ಒಂದೇ ಸಲಕ್ಕೆ ಕೊಟ್ಟು, "ನೀವೇ ನೋಡಿ ಕೊಡಿ ಸಾರ್" ಎಂದು ಎದ್ದು ಬರುತ್ತಾರೆ. ಕಂಪನಿಗಳು ಇದಕ್ಕೆಂದೇ ಕಚೇರಿ ಕಟ್ಟುತ್ತವೆ ಎನ್ನಲಾರೆ. ಆದರೆ ಅಲ್ಲಿನ ಅಮೃತಶಿಲೆಯ ನೆಲ ನಮ್ಮ ದರವನ್ನು ಇಳಿಸುತ್ತದೆ. ಇದನ್ನು ನಾನು ಬೇಕಾದಷ್ಟು ಜನರ ವಿಷಯದಲ್ಲಿ ಕಂಡಿದ್ದೇನೆ.

ಬೇರೆ ದೇಶಗಳಲ್ಲೂ ಕಥೆ ಇದೇ. ಚಿತ್ರಗಳನ್ನು ಅಂತರ್ಜಾಲದಲ್ಲಿ ಮಾರುವ ಅಮೆರಿಕದ ಶಟರ್‌ಸ್ಟಾಕ್ ಕಂಪನಿ 2003ರಲ್ಲಿ ಶುರುವಾಯಿತು, 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು, 2014ರಲ್ಲಿ ತನ್ನ ಕಚೇರಿಯನ್ನು ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಸಾಗಿಸಿತು. ಅದು ಮಾರುವ ಚಿತ್ರಗಳು ಜಗತ್ತಿನಾದ್ಯಂತ ಇರುವ ಲಕ್ಷಾಂತರ ಹೊರಗಿನವರು ತೆಗೆದವು. 2020ರ ಜೂನ್‌ನಲ್ಲಿ ಅದು ಕೊಡುವ ಪಾಲಿನ ಲೆಕ್ಕ ಬದಲಾಯಿತು. ಶೇ. 15ರಿಂದ ಶೇ. 40ರವರೆಗೆ ಮೆಟ್ಟಿಲುಗಳು, ಎಷ್ಟು ಮಾರಾಟವಾಯಿತು ಎಂಬುದರ ಮೇಲೆ ಏರಬೇಕು, ಪ್ರತಿ ವರ್ಷ ಜನವರಿ 1ಕ್ಕೆ ಎಲ್ಲರೂ ಮತ್ತೆ ಮೊದಲ ಮೆಟ್ಟಿಲಿಗೆ. ಒಂದು ಚಿತ್ರ ಇಳಿಸಿಕೊಂಡರೆ ಕನಿಷ್ಠ 10 ಸೆಂಟ್, ಆಗಿನ ಲೆಕ್ಕಕ್ಕೆ ಸುಮಾರು ಏಳೂವರೆ ರೂಪಾಯಿ. ಇಲ್ಲಿ ಕೋವಿಡ್‌ನಿಂದಾಗಿ ಮದುವೆಗೆ ಐವತ್ತೇ ಜನ ಎಂಬ ನಿಯಮವಿದ್ದ ದಿನಗಳು ಅವು, ಕ್ಯಾಮೆರಾದವರ ಒಲೆ ಉರಿಯುವುದೇ ಕಷ್ಟವಾಗಿತ್ತು. ಬಹಳಷ್ಟು ಛಾಯಾಗ್ರಾಹಕರು ಪ್ರತಿಭಟಿಸಿ ತಮ್ಮ ಚಿತ್ರಗಳನ್ನು ಆ ತಾಣದಿಂದ ತೆಗೆದರು.

ಬರಹಗಾರರ ಪಾಡು ಇನ್ನೂ ಕಟುವಾದದ್ದು. ಅಮೆರಿಕದ ಹಫಿಂಗ್ಟನ್ ಪೋಸ್ಟ್ ಸುದ್ದಿತಾಣವನ್ನು 2011ರ ಫೆಬ್ರವರಿಯಲ್ಲಿ ಎಒಎಲ್ ಕಂಪನಿ 31.5 ಕೋಟಿ ಡಾಲರ್‌ಗೆ ಕೊಂಡಿತು. ಆ ತಾಣಕ್ಕೆ ಸಂಭಾವನೆ ಇಲ್ಲದೆ ಬರೆದಿದ್ದವರು, ಈ ಬೆಲೆಯಲ್ಲಿ ನಮ್ಮ ಪಾಲೂ ಇದೆ ಎಂದು ಏಪ್ರಿಲ್‌ನಲ್ಲಿ ನ್ಯಾಯಾಲಯಕ್ಕೆ ಹೋದರು. ಮರುವರ್ಷದ ಮಾರ್ಚ್‌ನಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಹಣ ಸಿಗುವುದಿಲ್ಲ ಎಂದು ಮೊದಲೇ ತಿಳಿದು ಬರೆದವರು ಆಮೇಲೆ ಕೇಳುವಂತಿಲ್ಲ ಎಂಬುದು ಅದರ ಸಾರ. ನ್ಯಾಯ ಎನಿಸದಿದ್ದರೂ ಕಾನೂನು ಹಾಗಿದೆ. ಹೊಸಬರಿಗೆ ನಾನು ಈ ಪ್ರಕರಣವನ್ನು ಹೇಳಿಯೇ ಹೇಳುತ್ತೇನೆ, ಏಕೆಂದರೆ "ಕಂಪನಿ ದೊಡ್ಡದಾದ ಮೇಲೆ ನಮ್ಮನ್ನೂ ನೋಡಿಕೊಳ್ಳುತ್ತಾರೆ" ಎಂಬ ನಂಬಿಕೆ ನಮ್ಮಲ್ಲಿ ಬಹಳ.

ಬೇರೆ ದಾರಿ ಇಲ್ಲವೆಂದಲ್ಲ. ಐಸ್ಟಾಕ್‌ಫೋಟೋ ಎಂಬ ಚಿತ್ರಮಾರಾಟ ಕಂಪನಿಯನ್ನು ಕಟ್ಟಿದ ಬ್ರೂಸ್ ಲಿವಿಂಗ್‌ಸ್ಟೋನ್ 2006ರಲ್ಲಿ ಅದನ್ನು ಗೆಟ್ಟಿ ಇಮೇಜಸ್‌ಗೆ 5 ಕೋಟಿ ಡಾಲರ್‌ಗೆ ಮಾರಿದರು. ಆಮೇಲೆ ಅವರೇ ಕೆಲವರ ಜೊತೆ ಸೇರಿ ಕೆನಡಾದಲ್ಲಿ ಸ್ಟಾಕ್ಸಿ ಎಂಬ ಸಹಕಾರ ಸಂಘ ಕಟ್ಟಿದರು, 2013ರಿಂದ ಅದು ಚಿತ್ರ ಮಾರುತ್ತಿದೆ. ಚಿತ್ರ ತೆಗೆದವರೇ ಅಲ್ಲಿ ಸದಸ್ಯರು, ಸಾಮಾನ್ಯ ಪರವಾನಗಿಯಲ್ಲಿ ಅರ್ಧ ಹಣ ಅವರಿಗೆ, ಹೆಚ್ಚಿನ ಬಳಕೆಗೆ ಕೊಡುವ ವಿಸ್ತೃತ ಪರವಾನಗಿಯಲ್ಲಿ ಶೇ. 75. ಸೊಸೈಟಿಗೆ ಹಾಲು ಹಾಕಿ ಬಟವಾಡೆ ಪಡೆಯುವ ಹಾಸನದ ಹಳ್ಳಿಗಳಿಗೆ ಸಹಕಾರ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

"ಹಣವಿಲ್ಲದಿದ್ದರೇನು, ಹೆಸರು ಹಾಕುತ್ತೇವಲ್ಲ" ಎಂಬ ಮಾತು ಇನ್ನೊಂದು. ಒಬ್ಬ ವ್ಯವಸ್ಥಾಪಕರು ನನಗೆ ಬೇಲೂರಿನ ಉದಾಹರಣೆಯನ್ನೇ ಕೊಟ್ಟರು. ಶಿಲ್ಪಿಗಳ ಹೆಸರು ಇಂದಿಗೂ ಉಳಿದಿದೆ, ಅದಕ್ಕಿಂತ ದೊಡ್ಡ ಸಂಭಾವನೆ ಯಾವುದು ಎಂದರು. ಹೆಸರು ಉಳಿದಿರುವುದು ನಿಜ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಇನ್ನೊಬ್ಬ ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಹೆಸರು ತರೀಕೆರೆ ಹತ್ತಿರದ ಅಮೃತಾಪುರದಲ್ಲೂ ಇದೆ, ಸೋಮನಾಥಪುರದಲ್ಲೂ ಇದೆ. ಅವರು ಕೂಲಿಯ ಬದಲು ಹೆಸರು ಕೆತ್ತಿಕೊಂಡರು ಎಂದು ಯಾವ ಶಾಸನ ಹೇಳುತ್ತದೆ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಪ್ರಕಾರ, ಹಕ್ಕುಗಳನ್ನು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಆಗಲೇ ನನ್ನದಾಗಿರುವುದನ್ನು ನನಗೇ ಸಂಬಳವಾಗಿ ಕೊಡುವುದು ಹೇಗೆ?

ಕಾನೂನಿನ ಮಾತು ಬಂತು, ಹೊಸಬರು ತಿಳಿದಿರಬೇಕಾದದ್ದನ್ನು ಹೇಳಿಬಿಡುತ್ತೇನೆ. ಇನ್ನೊಬ್ಬರ ಕೋರಿಕೆಯ ಮೇಲೆ ಪ್ರತಿಫಲಕ್ಕಾಗಿ ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಕೆಲಸ ಮಾಡಿಸಿದವರೇ. ಹಕ್ಕು ನಿಮ್ಮಲ್ಲಿ ಉಳಿಯಬೇಕಾದರೆ ಬರೆಸಿಕೊಳ್ಳಲೇಬೇಕು. ನೀವಾಗಿಯೇ ತೆಗೆದಿಟ್ಟುಕೊಂಡ ಚಿತ್ರಗಳ ವಿಷಯ ಬೇರೆ. ಅವುಗಳ ಹಕ್ಕು ವರ್ಗಾಯಿಸಲು ಸಹಿ ಇರುವ ಬರಹ ಬೇಕು; ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಆದ್ದರಿಂದಲೇ ಕಂಪನಿಗಳ ಕರಾರಿನಲ್ಲಿ "ಶಾಶ್ವತವಾಗಿ, ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ" ಎಂಬ ಸಾಲು ಇರುತ್ತದೆ. ಸಹಿ ಹಾಕುವ ಮೊದಲು ಆ ಸಾಲಿಗೆ ಬೆಲೆ ಕೇಳಿ. ಒಂದು ವರ್ಷದ ಕ್ಯಾಲೆಂಡರಿಗೆ ಕೊಟ್ಟ ದರದಲ್ಲಿ ಶಾಶ್ವತ ಹಕ್ಕು ಕೊಡಬೇಡಿ.

ಹಣ ತಡವಾಗುವುದಕ್ಕೂ ಮದ್ದಿದೆ. ಆಧಾರ್, ಪ್ಯಾನ್ ಇದ್ದರೆ ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ, ಸೇವೆ ಒದಗಿಸುವ ಒಬ್ಬಂಟಿ ಛಾಯಾಗ್ರಾಹಕರೂ ಸೂಕ್ಷ್ಮ ಉದ್ಯಮವೇ. ಗೊತ್ತಾಗದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಬಹುದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯಂತೆ ಇಂಥವರಿಗೆ, ಬರಹದ ಒಪ್ಪಂದದಲ್ಲಿ ಹೆಚ್ಚು ದಿನ ಇದ್ದರೂ 45 ದಿನಗಳ ಒಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನೊಂದು ಬಲ ಕೊಟ್ಟಿತು. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ಕೊಡುವವರೆಗೆ ಕಂಪನಿ ತನ್ನ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಕಳೆಯುವಂತಿಲ್ಲ. ನನ್ನ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಬರೆಯಲು ಶುರು ಮಾಡಿದ ಮೇಲೆ ಕಂಪನಿಗಳ ಲೆಕ್ಕಪತ್ರದವರು ತಾವಾಗಿಯೇ ಫೋನ್ ಮಾಡುವುದನ್ನು ನೋಡಿದ್ದೇನೆ. ಈ ನೋಂದಣಿಯನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಕೊಳ್ಳಿ.

ಇಷ್ಟು ಹೇಳಿದ ಮೇಲೆ ಹಾಸನದ ಒಬ್ಬ ಹುಡುಗಿ ಕೇಳಿದ ಮಾತು: "ಹೀಗೆಲ್ಲ ಕೇಳಿದರೆ ಕೆಲಸ ಬೇರೆಯವರಿಗೆ ಹೋಗುವುದಿಲ್ಲವೇ ಅಣ್ಣ?"

ಹೋಗುತ್ತದೆ. ನನ್ನಿಂದಲೂ ಹೋಗಿದೆ. ನಾನು ಬೇಡವೆಂದ ಗಿರಿಯ ಚಿತ್ರಗಳನ್ನು ಆ ಕಂಪನಿ ಬೇರೆ ಯಾರಿಂದಲೋ ಪುಕ್ಕಟೆಯಾಗಿ ಪಡೆದುಕೊಂಡಿತು. ಹಾಗೆ ಕೊಟ್ಟವರ ಮೇಲೆ ನನಗೆ ಕೋಪವಿಲ್ಲ, ಮನೆಯ ಕಷ್ಟ ಅವರವರಿಗೆ ಗೊತ್ತು. ಒಬ್ಬೊಬ್ಬರೇ ಗಟ್ಟಿಯಾಗಿ ನಿಲ್ಲಿ ಎಂದು ಉಪದೇಶ ಮಾಡಿ ಪ್ರಯೋಜನವಿಲ್ಲ. ನಮ್ಮ ತಾಲ್ಲೂಕು ಛಾಯಾಗ್ರಾಹಕರ ಸಂಘಗಳು ಮದುವೆಗೆ, ನಾಮಕರಣಕ್ಕೆ, ಗೃಹಪ್ರವೇಶಕ್ಕೆ ದರಪಟ್ಟಿ ಮಾಡಿ ಸ್ಟುಡಿಯೋ ಗೋಡೆಗೆ ಅಂಟಿಸಿವೆ. ಅದಕ್ಕಿಂತ ಕಡಿಮೆಗೆ ಹೋದವರನ್ನು ಕರೆದು ಕೇಳುವ ರೂಢಿಯೂ ಇದೆ. ಕಂಪನಿಗಳಿಗೆ ಅಂಥದೊಂದು ಪಟ್ಟಿ ಇಲ್ಲ. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದಂದು ಎಲ್ಲರೂ ಸೇರುತ್ತೇವೆ. ಹಿರಿಯರಿಗೆ ಶಾಲು ಹೊದಿಸಿದ ಮೇಲೆ ಅರ್ಧ ಗಂಟೆ ಈ ವಿಷಯಕ್ಕೆ ಕೊಡಿ ಎಂದು ಕೇಳಿದ್ದೇನೆ. ಜಾಲತಾಣಕ್ಕೆ ಒಂದು ವರ್ಷ, ಮುದ್ರಿತ ಪುಸ್ತಕಕ್ಕೆ ಒಂದು ಆವೃತ್ತಿ, ರಸ್ತೆಬದಿಯ ಫಲಕಕ್ಕೆ ತಿಂಗಳ ಲೆಕ್ಕ, ಕಚೇರಿಯ ಗೋಡೆಗೆ ಚದರ ಅಡಿಯ ಲೆಕ್ಕ, ಎಲ್ಲಕ್ಕೂ ಅರ್ಧ ಮುಂಗಡ. ಕರಡು ಬರೆದಿಟ್ಟಿದ್ದೇನೆ, ದರದ ಕಾಲಂ ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ಸಭೆಯೇ ತುಂಬಬೇಕು.