ಎಡಕ್ಕೆ ಹಾಕಿದರೆ ಬಲಕ್ಕೆ ಮಿಣುಕು: ಟ್ರೈಲರ್ ಲೈಟಿನ ಹಿಂದೆ ಒಂದು ಶನಿವಾರ

ಶನಿವಾರ, ಅಕ್ಟೋಬರ್ 5, 2024
ಆನ್ ಆರ್ಬರ್, ಮಿಶಿಗನ್

ವ್ಯಾನಿನಲ್ಲಿ ಎಡಗಡೆ ಇಂಡಿಕೇಟರ್ ಹಾಕಿದರೆ ಟ್ರೈಲರಿನ ಬಲಗಡೆ ಲೈಟು ಮಂಕಾಗಿ ಮಿಣುಕುತ್ತಿತ್ತು. ಎಡಗಡೆಯದ್ದೂ ಹಾಗೇ, ಉರಿದರೆ ಉರಿಯಿತು ಅನ್ನುವಷ್ಟು ಮಂಕು. ಹೆಡ್‌ಲೈಟ್ ಹಾಕಿದ ಮೇಲಂತೂ ಎಡಗಡೆ ಪೂರ್ತಿ ಕತ್ತಲು. ಇಂಡಿಕೇಟರೂ ಇಲ್ಲ, ಟೇಲ್ ಲೈಟೂ ಇಲ್ಲ.

ಬುಧವಾರ ಹೊರಡಬೇಕು. ಮ್ಯಾಕಿನಾ ಸೇತುವೆ ದಾಟಿ ಲೇಕ್ ಸುಪೀರಿಯರ್ ದಂಡೆಯ ಪಿಕ್ಚರ್ಡ್ ರಾಕ್ಸ್‌ವರೆಗೆ. ಊರಿನಿಂದ ಬಂದಿರುವ ಮಾವನಿಗೆ ಎಲೆಗಳೆಲ್ಲ ಕೆಂಪು, ಹಳದಿ ಆಗುವುದನ್ನು ತೋರಿಸಬೇಕು. ಕ್ಯಾಂಪರ್ ವ್ಯಾನಿನೊಳಗೆ ಮಲಗಲು, ಅಡುಗೆಗೆ ಜಾಗ ಇದೆ. ಸೈಕಲ್, ಟೆಂಟು, ಕುರ್ಚಿ ಎಲ್ಲ ಟ್ರೈಲರಿಗೇ ಹೋಗಬೇಕು. ಆ ದಾರಿಯಲ್ಲಿ ಸೆನಿಯಿಂದ ಶಿಂಗಲ್ಟನ್‌ವರೆಗೆ ಎಂ-28 ರಸ್ತೆ 25 ಮೈಲಿ ಗೀಟು ಎಳೆದ ಹಾಗೆ ನೇರ. ಎರಡೂ ಕಡೆ ಜೌಗು, ಕಾಡು. ಬೀದಿ ದೀಪ ಇಲ್ಲ. ಕತ್ತಲಾದ ಮೇಲೆ ಹಿಂದಿನ ಗಾಡಿಯವರಿಗೆ ನಾವು ಕಾಣುವುದು ಆ ಎರಡು ಕೆಂಪು ಲೈಟಿನಿಂದಲೇ. ಒಂದೇ ಉರಿದರೆ ಮುಂದೆ ಹೋಗುತ್ತಿರುವುದು ಮೋಟರ್ ಸೈಕಲ್ಲೋ ಟ್ರೈಲರೋ ಅವರಿಗೆ ಗೊತ್ತಾಗಲ್ಲ. ಹಾಗಾಗಿ ಇವತ್ತು ಬೇರೆ ಕೆಲಸ ಎಲ್ಲ ಪಕ್ಕಕ್ಕಿಟ್ಟೆ.

ಇಂಥದ್ದಾದಾಗ ಜಾಸ್ತಿ ಜನ ಮೊದಲು ಬೈಯುವುದು ಕನ್ವರ್ಟರನ್ನು. ನಮ್ಮದು ಯುರೋಪ್ ಮೂಲದ ವ್ಯಾನ್. ಅದರಲ್ಲಿ ಬ್ರೇಕ್ ಲೈಟು ಕೆಂಪು, ಇಂಡಿಕೇಟರ್ ಹಳದಿ, ಎರಡಕ್ಕೂ ಬೇರೆ ಬೇರೆ ಬಲ್ಬು. ಇಲ್ಲಿನ ಸಣ್ಣ ಟ್ರೈಲರುಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಕೆಂಪು ಲೈಟು. ಇವೆರಡನ್ನು ಹೊಂದಿಸಲು ನಡುವೆ ಕನ್ವರ್ಟರ್ ಅನ್ನುವ ಒಂದು ಸಣ್ಣ ಡಬ್ಬಿ ಬೇಕು. ವ್ಯಾನಿನ ವೈರುಗಳಿಂದ ಅದು ಬರೀ ಸೂಚನೆ ತಗೊಳ್ಳುತ್ತೆ. ಲೈಟು ಉರಿಸುವ ಕರೆಂಟು ಫ್ಯೂಸ್ ಮೂಲಕ ಬ್ಯಾಟರಿಯಿಂದ ನೇರ ಬರುತ್ತೆ. ಒಳ್ಳೆಯ ಏರ್ಪಾಡು. ಸುಮ್ನೆ ಅದನ್ನು ಕಿತ್ತು ಹೊಸದು ಹಾಕುವ ಮೊದಲು ವ್ಯಾನಿನ ಕಡೆ ಮಾತ್ರ ಬೇರೆಯಾಗಿ ನೋಡಬೇಕು.

ಟ್ರೈಲರಿನ ಪ್ಲಗ್ ಕಿತ್ತೆ. ನಾಲ್ಕು ಪಿನ್ನಿನ ಚಪ್ಪಟೆ ಪ್ಲಗ್ ಅದು. ಬಿಳಿ ವೈರು ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಕಂದು ಟೇಲ್ ಲೈಟಿಗೆ. ಹಳದಿ ಎಡಗಡೆ ಬ್ರೇಕ್ ಮತ್ತು ಇಂಡಿಕೇಟರಿಗೆ, ಹಸಿರು ಬಲಗಡೆಯದಕ್ಕೆ. ವ್ಯಾನಿನ ಕಡೆ ಮೂರು ತೂತು ರಬ್ಬರಿನೊಳಗೆ ಮುಚ್ಚಿಕೊಂಡಿರುತ್ತೆ, ಒಂದು ಪಿನ್ ಮಾತ್ರ ಹೊರಗೆ ಕಾಣುತ್ತೆ. ಆ ಹೊರಗಿನದೇ ಅರ್ತ್. ಮಾವ ಡ್ರೈವರ್ ಸೀಟಿನಲ್ಲಿ ಕೂತರು. ನಾನು ಟೆಸ್ಟ್ ಲ್ಯಾಂಪಿನ, ಅಂದರೆ ಕರೆಂಟು ಬಂದರೆ ಉರಿಯುವ ಸಣ್ಣ ಬಲ್ಬಿನ ಕಡ್ಡಿಯ, ಕ್ಲಿಪ್ಪನ್ನು ಆ ಪಿನ್ನಿಗೇ ಸಿಕ್ಕಿಸಿ ಹಿಂದೆ ಕೂತೆ.

"ಮಾವ, ಬ್ರೇಕ್ ಒತ್ತಿ."

"ಒತ್ತಿವ್ನಿ ಕಣವ್ವ."

"ಬಿಡಿ. ಈಗ ಎಡಗಡೆ ಇಂಡಿಕೇಟರ್."

ಎಲ್ಲ ಸರಿಯಾಗಿ ಬಂತು. ಲ್ಯಾಂಪು ಜೋರಾಗಿಯೇ ಉರಿಯಿತು. ಅಂದರೆ ವ್ಯಾನು, ಕನ್ವರ್ಟರ್, ಫ್ಯೂಸ್ ಯಾವುದರದ್ದೂ ತಪ್ಪಿಲ್ಲ.

ಇಲ್ಲಿ ವೋಲ್ಟ್ ಅಳೆಯುವ ಮೀಟರ್ ಬಿಟ್ಟು ಟೆಸ್ಟ್ ಲ್ಯಾಂಪ್ ಹಿಡಿದಿದ್ದಕ್ಕೆ ಕಾರಣ ಇದೆ. ಮೀಟರಿಗೆ ಕರೆಂಟೇ ಬೇಡ ಅನ್ನಬಹುದು, ಅಷ್ಟು ಕಮ್ಮಿ ಸಾಕು. ವೈರಿನೊಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತೆ. ಆ ಒಂದು ಎಳೆಯಲ್ಲಿ ಬಲ್ಬು ಸರಿಯಾಗಿ ಉರಿಯದೇ ಇರಬಹುದು. ಟೆಸ್ಟ್ ಲ್ಯಾಂಪು ಸ್ವಲ್ಪವಾದರೂ ಕರೆಂಟು ಎಳೆಯುತ್ತೆ, ಆದ್ದರಿಂದ ಅದರ ಮಾತನ್ನು ಜಾಸ್ತಿ ನಂಬಬಹುದು.

ಆಮೇಲೆ ಟ್ರೈಲರನ್ನು ವ್ಯಾನಿನ ಹಿಂದಿನ ಕೊಂಡಿ, ಅಂದರೆ ಹಿಚ್‌ನಿಂದ ಇಳಿಸಿ ಪಕ್ಕಕ್ಕೆ ತಳ್ಳಿದೆವು. ಹುಲ್ಲು ಕತ್ತರಿಸುವ ಗಾಡಿಯ ಬ್ಯಾಟರಿ ತಂದು, ನೆಗೆಟಿವ್ ವೈರನ್ನು ಪ್ಲಗ್ಗಿನ ಬಿಳಿಗೆ ಹಚ್ಚಿ, ಫ್ಯೂಸ್ ಇರುವ ಪಾಸಿಟಿವ್ ವೈರನ್ನು ಒಂದೊಂದಕ್ಕೇ ಮುಟ್ಟಿಸಿದೆ. ಯಾವ ಲೈಟೂ ಬರಲಿಲ್ಲ. ವ್ಯಾನಿಗೆ ಕಟ್ಟಿದ್ದಾಗ ಬಲಗಡೆಯಾದರೂ ಸರಿ ಇತ್ತಲ್ಲ, ಈಗ ಅದೂ ಇಲ್ಲ. ಆಗ ಮತ್ತು ಈಗ ಇರುವ ವ್ಯತ್ಯಾಸ ಒಂದೇ. ಆಗ ಟ್ರೈಲರ್ ಹಿಚ್ಚಿನ ಬಾಲ್ ಮೇಲೆ ಕೂತಿತ್ತು.

ಅಂದರೆ ಕರೆಂಟು ವಾಪಸ್ ಬರುತ್ತಿದ್ದದ್ದು ಬಿಳಿ ವೈರಿನಲ್ಲಿ ಅಲ್ಲ, ಗ್ರೀಸ್ ಮೆತ್ತಿದ ಆ ಕಬ್ಬಿಣದ ಗುಂಡಿನ ಮೂಲಕ. ನಿಂತಾಗ ಹೇಗೋ ಮುಟ್ಟಿಕೊಂಡಿರುತ್ತೆ. ರಸ್ತೆಯಲ್ಲಿ ಕುಲುಕಿದಾಗ ಒಂದು ಸಲ ಮುಟ್ಟುತ್ತೆ, ಒಂದು ಸಲ ಇಲ್ಲ. ಬ್ರೇಕ್ ಒತ್ತಿದ ಗಳಿಗೆಯಲ್ಲೇ ಅದು ಬಿಟ್ಟುಕೊಂಡರೆ ಹಿಂದಿನವರಿಗೆ ನಾವು ನಿಲ್ಲಿಸುತ್ತಿರುವುದು ಗೊತ್ತೇ ಆಗಲ್ಲ.

ಬಿಳಿ ವೈರು ಟ್ರೈಲರಿನ ಮೂತಿಯ ಹತ್ತಿರ ಒಂದು ಸ್ಕ್ರೂನಿಂದ ಫ್ರೇಮಿಗೆ ಸೇರುತ್ತೆ. ಸ್ಕ್ರೂನ ತಲೆ ತುಕ್ಕು ಹಿಡಿದು ಗುಂಡಾಗಿತ್ತು. ಅದರಡಿಯ ರಿಂಗ್ ಟರ್ಮಿನಲ್ ಬೆರಳಲ್ಲಿ ಮುಟ್ಟಿದರೆ ತಿರುಗುತ್ತಿತ್ತು, ಫ್ರೇಮಿಗೆ ತಾಗಿಯೂ ಇರಲಿಲ್ಲ. ಕಿತ್ತು, ಬಣ್ಣವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಕಬ್ಬಿಣ ಹೊಳೆಯುವ ತನಕ ತಿಕ್ಕಿದೆ. ಹೊಸ ಟರ್ಮಿನಲ್ ಕ್ರಿಂಪ್ ಮಾಡಿ, ಹಲ್ಲಿರುವ ವಾಷರ್ ಕೊಟ್ಟು, ಸ್ಟೇನ್‌ಲೆಸ್ ಬೋಲ್ಟ್ ಬಿಗಿದು, ಮೇಲೆ ಬಣ್ಣ ಬಳಿದೆ. ಬಲಗಡೆ ಎಲ್ಲ ಬಂತು. ಎಡಗಡೆ ಮಾತ್ರ ಅದೇ ಹುಚ್ಚಾಟ.

ಅಷ್ಟೊತ್ತಿಗೆ ಮಾವ ವ್ಯಾನಿಂದ ಇಳಿದು ಬಂದು ಬಗ್ಗಿ ನೋಡುತ್ತಿದ್ದರು. ಮಂಡ್ಯದ ಕಡೆಯವರು. ಎಷ್ಟೋ ವರ್ಷ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸಿದವರು. "ಒಂದು ಕಡೆ ಅರ್ತ್ ಕೊಟ್ರೆ ಆಗಕ್ಕಿಲ್ಲ ಕಣವ್ವ. ಒಂದೊಂದ್ ಲೈಟಿಗೂ ಅರ್ತ್ ನೋಡು" ಅಂದರು.

ಸರಿಯಾದ ಮಾತು. ಈ ಟ್ರೈಲರಿನಲ್ಲಿ ಲೈಟುಗಳಿಗೆ ಬೇರೆ ಅರ್ತ್ ವೈರೇ ಇಲ್ಲ. ಲೈಟು ಕೂರಿಸಿದ ಬೋಲ್ಟೇ ಅರ್ತ್. ಬೋಲ್ಟು ತುಕ್ಕು ಹಿಡಿದರೆ ದಾರಿ ಮುಗಿಯಿತು. ಒಳಗಿರುವುದು 1157 ಬಲ್ಬು. ಒಂದೇ ಬುರುಡೆಯಲ್ಲಿ ಎರಡು ಫಿಲಮೆಂಟ್, ಅಂದರೆ ಉರಿಯುವ ತಂತಿ. ಬ್ರೇಕ್, ಇಂಡಿಕೇಟರಿನ ದೊಡ್ಡದು ಸುಮಾರು 2 ಆಂಪಿಯರ್ ತಗೊಳ್ಳುತ್ತೆ, ಟೇಲ್ ಲೈಟಿನ ಸಣ್ಣದು 0.6ರ ಹತ್ತಿರ. ಎರಡಕ್ಕೂ ಅರ್ತ್ ಒಂದೇ, ಬಲ್ಬಿನ ಹಿತ್ತಾಳೆ ಮೈ.

ಆ ಅರ್ತ್ ಹೋದರೆ ಏನಾಗುತ್ತೆ ನೋಡಿ. ಹಳದಿ ವೈರಿನಿಂದ ಬಂದ ಕರೆಂಟು ದೊಡ್ಡ ಫಿಲಮೆಂಟ್ ದಾಟುತ್ತೆ. ಮುಂದೆ ಹೋಗಲು ದಾರಿ ಇಲ್ಲ. ಅದೇ ಬಲ್ಬಿನ ಸಣ್ಣ ಫಿಲಮೆಂಟಿನೊಳಗೆ ಹಿಂದುಮುಂದಾಗಿ ನುಗ್ಗಿ ಕಂದು ವೈರಿಗೆ ಬರುತ್ತೆ. ಕಂದು ವೈರು ಬಲಗಡೆ ಟೇಲ್ ಲೈಟಿಗೂ ಹೋಗುತ್ತಲ್ಲ, ಆ ಫಿಲಮೆಂಟ್ ಹಾದು ಬಲಗಡೆಯ ಬೋಲ್ಟಿನಲ್ಲಿ ಮನೆ ಸೇರುತ್ತೆ. ಅದಕ್ಕೇ ಎಡಕ್ಕೆ ಹಾಕಿದರೆ ಬಲಕ್ಕೆ ಮಿಣುಕಿದ್ದು. ಹೆಡ್‌ಲೈಟ್ ಹಾಕಿದಾಗ ಕಂದು ವೈರಿನಲ್ಲೂ 12 ವೋಲ್ಟ್ ಬರುತ್ತೆ. ಆಗ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜು, ಕರೆಂಟು ಹರಿಯುವುದೇ ಇಲ್ಲ. ಅದಕ್ಕೇ ಪೂರ್ತಿ ಕತ್ತಲು. ಇದು ಅರ್ಥವಾದ ಮೇಲೆ ಬೆಳಗ್ಗಿಂದ ಕಂಡ ಚೇಷ್ಟೆಯೆಲ್ಲ ಲೆಕ್ಕಕ್ಕೆ ಸಿಕ್ಕಿತು. ನನಗಂತೂ ಬಹಳ ಖುಷಿಯಾಯಿತು.

ಈಗ ಮೀಟರ್ ತೆಗೆದೆ. ಒಂದು ಕಡ್ಡಿ ಪ್ಲಗ್ಗಿನ ಬಿಳಿ ವೈರಿಗೆ, ಇನ್ನೊಂದು ಎಡಗಡೆ ಲೈಟಿನ ಬೋಲ್ಟಿಗೆ. ಹಳದಿ ವೈರಿಗೆ ಕರೆಂಟು ಕೊಟ್ಟು ನೋಡಿದರೆ 10 ವೋಲ್ಟಿಗಿಂತ ಮೇಲೆ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು, 0.2ಕ್ಕಿಂತ ಜಾಸ್ತಿ ಬಂದರೇ ಅನುಮಾನ ಪಡಬೇಕು. ಬಲಗಡೆ ಬೋಲ್ಟಿನಲ್ಲಿ 0.1 ಕೂಡ ಇರಲಿಲ್ಲ. ಲೋಡ್ ಇರುವಾಗ, ಅಂದರೆ ಬಲ್ಬಿಗೆ ಕರೆಂಟು ಕೊಟ್ಟಿರುವಾಗ, ಹೀಗೆ ಅಳೆಯುವುದೇ ಅರ್ತ್ ಪರೀಕ್ಷೆಯ ಸರಿಯಾದ ಕ್ರಮ. ಲೈಟು ಆರಿಸಿ, ಮೀಟರನ್ನು ತಡೆ ಅಳೆಯುವ ಓಮ್ಸ್‌ಗೆ ಹಾಕಿ, ಬೀಪ್ ಬಂತು ಅಂತ ಬಿಟ್ಟುಬಿಟ್ಟರೆ ಸಾಲದು.

ಬೋಲ್ಟನ್ನು ತಿಕ್ಕಿ ಮತ್ತೆ ಬಿಗಿಯಬಹುದಿತ್ತು. ಅದು ಬೇಡ ಅನ್ನಿಸಿತು. ಇದು ಉಪ್ಪಿನ ರಾಜ್ಯ. ಡೆಟ್ರಾಯ್ಟ್ ಊರಿನ ಕೆಳಗೆ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಆ ನೀರು ಚಿಮ್ಮಿ ಟ್ರೈಲರಿನ ಅಡಿಗೆ ಹತ್ತುತ್ತೆ. ಬೋಲ್ಟು ಮತ್ತೆ ತುಕ್ಕು ಹಿಡಿಯುವುದು ಖಂಡಿತ. ಅದಕ್ಕೆ ಎರಡೂ ಲೈಟಿನ ಬುಡದಿಂದ ಮುಂದಿನ ಬಿಳಿಯವರೆಗೆ 14 ಗೇಜಿನ ಬೇರೆ ಅರ್ತ್ ವೈರೇ ಎಳೆದೆ. ಇನ್ನು ಕಬ್ಬಿಣದ ಫ್ರೇಮನ್ನು ನಂಬಿ ಕೂರಬೇಕಾಗಿಲ್ಲ. ಹೊಸ ಟ್ರೈಲರ್ ತಗೊಳ್ಳುವವರೂ ಇದನ್ನು ಮೊದಲ ದಿನವೇ ಮಾಡಿಸಿಕೊಳ್ಳಿ. ಖರ್ಚು ಕಮ್ಮಿ, ಶ್ರಮ ಒಂದು ಮಧ್ಯಾಹ್ನದ್ದು.

ವೈರು ಎಳೆಯುವಾಗ ಪಕ್ಕದ ಸಣ್ಣ ಹಳದಿ ಲೈಟಿನ ಕನೆಕ್ಷನ್ ಕಣ್ಣಿಗೆ ಬಿತ್ತು. ಹಿಂದಿನ ಮಾಲೀಕರು ನೀಲಿ ಪ್ಲಾಸ್ಟಿಕ್ ಕ್ಲಿಪ್ ಒತ್ತಿ ಕಂದು ವೈರಿನಿಂದ ಕವಲು ತೆಗೆದಿದ್ದರು. ಆ ಕ್ಲಿಪ್ಪಿನೊಳಗಿನ ತಗಡು ಮೇಲಿನ ರಬ್ಬರನ್ನು ಸೀಳಿ ತಾಮ್ರಕ್ಕೆ ತಾಗುತ್ತೆ. ಸೀಳಿದ ಜಾಗದಿಂದ ನೀರೂ ಒಳಗೆ ಹೋಗುತ್ತೆ. ಕ್ಲಿಪ್ ಬಿಚ್ಚಿದೆ. ತಾಮ್ರಕ್ಕೆ ಹಸಿರು ಕಿಲುಬು ಹತ್ತಿತ್ತು. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು. ರಬ್ಬರ್ ಸುಲಿದಷ್ಟೂ ಒಳಗೆ ಎಳೆಗಳು ಕಪ್ಪು, ಮುಟ್ಟಿದರೆ ತುಂಡಾಗುತ್ತಿದ್ದವು. ಗೇಣುದ್ದ ಕತ್ತರಿಸಿ ಎಸೆದ ಮೇಲೆ ಕೆಂಪು ತಾಮ್ರ ಸಿಕ್ಕಿತು. ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕನೆಕ್ಟರ್ ಹಾಕಿ, ಎರಡೂ ತುದಿಯಲ್ಲಿ ಅಂಟು ಕರಗಿ ಹೊರಗೆ ಇಣುಕುವ ತನಕ ಬಿಸಿಗಾಳಿ ಕೊಟ್ಟೆ. ಹೊರಗಿನ ವೈರಿಂಗಿಗೆ ಆ ನೀಲಿ ಕ್ಲಿಪ್ ಯಾರೂ ಬಳಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಸಂಜೆ ಮತ್ತೆ ವ್ಯಾನಿಗೆ ಕಟ್ಟಿದೆವು. ನನ್ನ ಗಂಡ ಡ್ರೈವರ್ ಸೀಟಿನಲ್ಲಿ, ನಾನು ಮತ್ತು ಮಾವ ಹಿಂದೆ. ಹೆಡ್‌ಲೈಟ್ ಹಾಕಿಯೇ ಎಡ, ಬಲ, ಬ್ರೇಕ್ ನೋಡಿದೆವು. ಆಮೇಲೆ ಬ್ರೇಕ್ ಒತ್ತಿಕೊಂಡೇ ಎಡಕ್ಕೆ. ಒಂದೊಂದನ್ನೇ ನೋಡಿದರೆ ಅರ್ತ್‌ನ ತೊಂದರೆ ಅಡಗಿಕೊಂಡುಬಿಡುತ್ತೆ, ಎಲ್ಲ ಒಟ್ಟಿಗೆ ಹಾಕಿ ನೋಡಬೇಕು. ಎರಡೂ ಕಡೆ ಸಮಸಮ ಉರಿದವು. ಮಾವ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿದರು. ಸುಗ್ಗಿ ಕಾಲದಲ್ಲಿ ರಾತ್ರಿ ಹೊತ್ತು ಫ್ಯಾಕ್ಟರಿಗೆ ಹೋಗುವ ಕಬ್ಬಿನ ಗಾಡಿಗಳಿಗೆ ಹಿಂದೆ ಒಂದು ಲೈಟೂ ಇರುತ್ತಿರಲಿಲ್ಲ, ಬೈಕಿನ ಹುಡುಗರು ಬಂದು ಗುದ್ದಿಕೊಳ್ಳುತ್ತಿದ್ದರು ಅಂದರು. ತಮ್ಮ ಟ್ರೈಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸದೆ ಅವರು ಗಾಡಿ ಹೊರಡಿಸುತ್ತಿರಲಿಲ್ಲವಂತೆ. "ಇದಕ್ಕೂ ಅಂಟ್ಸು" ಅಂದರು.

ನಾಳೆ ತಂದು ಅಂಟಿಸಬೇಕು. ಪ್ಲಗ್ಗಿನ ಪಿನ್ನುಗಳಿಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚುವುದು ಬಾಕಿ ಇದೆ. ಬಲಗಡೆ ಸಣ್ಣ ಲೈಟಿನ ಗಾಜು ಸೀಳಿದೆ, ಹೊಸದು ತರಬೇಕು. ಎರಡು 1157 ಬಲ್ಬು, ಕನ್ವರ್ಟರಿನ ಅಳತೆಯ ಫ್ಯೂಸು, ಟೆಸ್ಟ್ ಲ್ಯಾಂಪು ವ್ಯಾನಿನ ಅಡುಗೆ ಕಟ್ಟೆಯ ಕೆಳಗಿನ ಡ್ರಾಯರಿಗೆ ಹಾಕಿಯಾಗಿದೆ.