ಬಿಲ್ಲುಗಾಲು ನೇರವಾದಾಗ ಮಂಡಿಗೆ ಏನಾಗುತ್ತದೆ?

ಹೊರಕ್ಕೆ ಬಾಗಿದ ಕಾಲಿನ ಆಪರೇಷನ್ ಅಂದರೆ ಮಂಡಿಯನ್ನೇ ಬಿಚ್ಚುತ್ತಾರೆ ಎಂದು ಎಷ್ಟೋ ಜನ ಹೆದರುತ್ತಾರೆ. ನಿಜಕ್ಕೂ ಹೆಚ್ಚಿನವರಲ್ಲಿ ಕೊಯ್ಯುವುದು ಮಂಡಿಯ ಕೆಳಗಿನ ಟಿಬಿಯಾ ಮೂಳೆಯನ್ನು. ಬದಲಾಗುವುದು ಮಂಡಿಯ ಮೇಲೆ ಭಾರ ಬೀಳುವ ಜಾಗ.

ತೊಡೆಮೂಳೆಯ ತಲೆಯಿಂದ ಪಾದದ ಕೀಲಿನ ನಡುವಿಗೆ ಒಂದು ಗೆರೆ ಎಳೆಯಿರಿ. ನೇರ ಕಾಲಿನಲ್ಲಿ ಅದು ಹೆಚ್ಚೂಕಡಿಮೆ ಮಂಡಿಯ ಮಧ್ಯದಲ್ಲೇ ಹಾಯುತ್ತದೆ, ಬಿಲ್ಲುಗಾಲಿನಲ್ಲಿ ಒಳಬದಿಗೆ ಸರಿದಿರುತ್ತದೆ. ಹಾಗಾಗಿ ಒಳಬದಿಯ ಮೃದ್ವಸ್ಥಿ ಬೇಗ ಸವೆಯುತ್ತದೆ. ಈ ಗೆರೆಯನ್ನು ಅಳೆಯಲು ನಿಂತು ತೆಗೆಸಿದ ಪೂರ್ತಿ ಕಾಲಿನ ಎಕ್ಸ್‌ರೇಯೇ ಬೇಕು, ಮಂಡಿಚಿಪ್ಪು ನೇರ ಮುಂದಕ್ಕಿರಬೇಕು. ಕಾಲು ತುಸು ತಿರುಗಿದ್ದರೂ ಲೆಕ್ಕ ತಪ್ಪುತ್ತದೆ. ಬಾಗು ಎಲ್ಲಿದೆ ಎಂಬುದೂ ಮುಖ್ಯ. ಟಿಬಿಯಾದ ಮೇಲ್ತುದಿಯ ಒಳಕೋನ, ಅಂದರೆ ಮೂಳೆಯ ಉದ್ದಗೆರೆಗೂ ಕೀಲಿನ ಮಟ್ಟಕ್ಕೂ ನಡುವೆ ಒಳಬದಿಯಲ್ಲಿರುವ ಕೋನ, ಸಾಮಾನ್ಯವಾಗಿ 87 ಡಿಗ್ರಿಯ ಆಸುಪಾಸು. ಅದು ಸರಿಯಿದ್ದು ಬಾಗು ತೊಡೆಮೂಳೆಯಲ್ಲಿದ್ದರೆ ಟಿಬಿಯಾ ಕೊಯ್ದು ಫಲವಿಲ್ಲ; ಕಾಲು ನೇರ ಕಂಡರೂ ಕೀಲಿನ ಮಟ್ಟ ಓರೆಯಾಗಿಬಿಡುತ್ತದೆ.

ಟಿಬಿಯಾವನ್ನು ಒಳಬದಿಯಿಂದ ಓರೆಯಾಗಿ ಮೇಲಕ್ಕೆ ಕೊಯ್ದು, ಹೊರಬದಿಯಲ್ಲಿ ಸುಮಾರು 1 ಸೆಂ.ಮೀ. ಮೂಳೆಯನ್ನು ತಿರುಗಣಿಯಂತೆ ಉಳಿಸುತ್ತಾರೆ. ಆಮೇಲೆ ನಿಧಾನವಾಗಿ ಬಾಯಿ ತೆರೆಸಿ, ಪ್ಲೇಟು ಸ್ಕ್ರೂ ಹಾಕುತ್ತಾರೆ. ಒಂದು ಡಿಗ್ರಿ ನೇರವಾಗಲು ಒಂದು ಮಿ.ಮೀ. ತೆರೆಯಬೇಕು ಎಂಬುದು ಒರಟು ಅಂದಾಜು ಮಾತ್ರ, ಮೂಳೆಯ ಅಗಲದ ಮೇಲೆ ಬದಲಾಗುತ್ತದೆ. ಅವಸರ ಮಾಡಿದರೆ ತಿರುಗಣಿ ಬಿರುಕು ಬಿಟ್ಟು ಮೂಳೆ ಕೂಡುವುದು ತಡವಾಗುತ್ತದೆ. ಒಳಬದಿ ಸವೆದ ಮಂಡಿಯಲ್ಲಿ ಗೆರೆಯನ್ನು ಒಳಅಂಚಿನಿಂದ, ಟಿಬಿಯಾದ ಮೇಲ್ತುದಿಯ ಅಗಲದ 62.5 ಶೇಕಡಾ ದೂರಕ್ಕೆ ಒಯ್ಯುವುದು ಹಳೆಯ ರೂಢಿ. ಮೃದ್ವಸ್ಥಿ ಚೆನ್ನಾಗಿರುವ ಎಳೆಯರಿಗೆ ಅಷ್ಟು ಬೇಡ, ಮಧ್ಯಕ್ಕೆ ತಂದರೆ ಸಾಕು. ಗೆರೆಯನ್ನು ಹೆಚ್ಚು ಸರಿಸಿದರೆ ಹೊರಬದಿ ಸವೆಯಲು ಶುರುವಾಗುತ್ತದೆ.

ಚಲನೆಯನ್ನು ಹೆಚ್ಚು ಕೆಡಿಸುವ ತಪ್ಪು ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಟಿಬಿಯಾದ ಮೇಲ್ಭಾಗ ಹಿಂದಕ್ಕೆ ಇಳಿಜಾರಾಗಿರುತ್ತದೆ. ತೆರೆದ ಸಂದಿನ ಮುಂಬದಿಯ ಅಗಲ ಹಿಂಬದಿಯದರ ಅರ್ಧದಷ್ಟೇ ಇರಬೇಕು. ಎರಡೂ ಸಮವಾದರೆ ಇಳಿಜಾರು ಹೆಚ್ಚಿ, ಟಿಬಿಯಾ ಮುಂದಕ್ಕೆ ಜಾರಿ, ಮುಂದಿನ ಅಡ್ಡ ಲಿಗಮೆಂಟಿನ (ಮಂಡಿಯೊಳಗೆ ಟಿಬಿಯಾ ಮುಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ) ಮೇಲೆ ಎಳೆತ ಬೀಳುತ್ತದೆ. ಕಾಲು ಪೂರ್ತಿ ಚಾಚುವುದೂ ಕಷ್ಟವಾಗಬಹುದು. ಆದ್ದರಿಂದ ಪಕ್ಕದಿಂದ ತೆಗೆದ ಚಿತ್ರವನ್ನೂ ನೋಡಲೇಬೇಕು. ಸಂದು ದೊಡ್ಡದಾದರೆ ಮಂಡಿಚಿಪ್ಪು ಕೆಳಗೆ ಕೂತು, ಮೆಟ್ಟಿಲಿಳಿಯುವಾಗ ಮಂಡಿಯ ಮುಂಭಾಗ ನೋಯಬಹುದು.

ನಡೆಯುವಾಗ ಮಂಡಿ ಹೊರಕ್ಕೆ ತಳ್ಳಿದಂತಾಗುವುದು ಕಡಿಮೆಯಾಗುತ್ತದೆ. ಆದರೆ ಮಡಚುವ ಅಳತೆ ಇದರಿಂದ ಹೆಚ್ಚುವುದಿಲ್ಲ, ಮೊದಲೇ ಇದ್ದ ಬಿಗಿತ ಹಾಗೇ ಉಳಿಯುತ್ತದೆ. ಮಡಚುವ, ತೊಡೆ ಬಿಗಿಯುವ ವ್ಯಾಯಾಮ ಮೊದಲ ದಿನಗಳಲ್ಲೇ ಶುರುವಾಗಬೇಕು. ಪೂರ್ತಿ ಭಾರವನ್ನು ಎಷ್ಟು ಬೇಗ ಹಾಕಬಹುದೆಂಬುದು ಪ್ಲೇಟನ್ನು ಅವಲಂಬಿಸಿದೆ, ಸಾಮಾನ್ಯವಾಗಿ ಸುಮಾರು 6 ವಾರ. ಬೀಡಿ ಸಿಗರೇಟು ಬಿಡದಿದ್ದರೆ ಮೂಳೆ ಕೂಡುವುದು ತಡ. ಮೀನಖಂಡ ಕಲ್ಲಿನಂತೆ ಬಿಗಿದು, ಮಾತ್ರೆಗೂ ಬಗ್ಗದ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಎರಡು ವರ್ಷದೊಳಗಿನ ಮಕ್ಕಳ ಕಾಲು ಬಾಗಿರುವುದು ಬಹುಪಾಲು ಸಹಜ. ರಿಕೆಟ್ಸ್ (ಮಕ್ಕಳ ಮೂಳೆ ಮೆತ್ತಗಾಗುವ ಕಾಯಿಲೆ) ಇದ್ದರೆ ಮೊದಲು ಅದರ ಚಿಕಿತ್ಸೆ. ಆಮೇಲೂ ಬಾಗು ಉಳಿದು, ಬೆಳವಣಿಗೆಯೂ ಬಾಕಿಯಿದ್ದರೆ, ಹೊರಬದಿಯ ಬೆಳವಣಿಗೆ ಪದರಕ್ಕೆ (ಮೂಳೆ ಉದ್ದವಾಗುವ ಜಾಗಕ್ಕೆ) ಪುಟ್ಟ ಪ್ಲೇಟು ಹಾಕಿ, ಮೂಳೆ ಕೊಯ್ಯದೆಯೇ ಕಾಲನ್ನು ನೇರಕ್ಕೆ ತರಬಹುದು.